ಒಂದು ಮೂಟೆಗೆ ಹಾಕಿಸಿದ ಶಾಕಪ್ಸರ್

ನಮ್ಮ ಮನೆಯ ಗೇಟಿಗೆ ಈಗ ಶಾಕಪ್ಸರ್ ಇದೆ. ಪುಸ್ತಕದಲ್ಲಿ ಇದನ್ನು ಶಾಕ್ ಅಬ್ಸಾರ್ಬರ್ ಎಂದು ಬರೆಯುತ್ತಾರಂತೆ. ಬೆಳಗೋಡಿನಿಂದ ಸಕಲೇಶಪುರದವರೆಗೆ ಯಾವ ಗ್ಯಾರೇಜಿನಲ್ಲೂ ಹಾಗೆ ಅಂದರೆ ಯಾರೂ ತಿರುಗಿ ನೋಡುವುದಿಲ್ಲವಾದ್ದರಿಂದ ನಾನೂ ಶಾಕಪ್ಸರ್ ಎಂದೇ ಬರೆಯುತ್ತೇನೆ. ಚಕ್ರ ಗುಂಡಿಗೆ ಬಿದ್ದಾಗ ಆ ಪೆಟ್ಟು ಮೇಲೆ ಕೂತವರ ಸೊಂಟಕ್ಕೆ ಹತ್ತದಂತೆ ನಡುವೆಯೇ ನುಂಗಿಕೊಳ್ಳಬೇಕಾದ ಸ್ಪ್ರಿಂಗು ಅದು. ನನ್ನ ಸ್ಕೂಟರಿನಲ್ಲಿದ್ದಷ್ಟು ಕಾಲ ಅದು ಏನನ್ನೂ ನುಂಗಲಿಲ್ಲ. ಗೇಟಿಗೆ ಬಂದ ಮೇಲೆ ಮಾತ್ರ ಬಹಳ ನಿಯತ್ತಿನಿಂದ ಕೆಲಸ ಮಾಡುತ್ತಿದೆ. ಗೇಟು ತೆಗೆದು ಒಳಗೆ ಕಾಲಿಟ್ಟರೆ ಸಾಕು, ಹಿಂದಿನಿಂದ ತಾನಾಗಿಯೇ ಮೆತ್ತಗೆ ಮುಚ್ಚಿಕೊಳ್ಳುತ್ತದೆ. ಅಕ್ಕಪಕ್ಕದ ದನ ಈಗ ನಮ್ಮ ಹೂವಿನ ಗಿಡಕ್ಕೆ ಬಾಯಿ ಹಾಕುವಂತಿಲ್ಲ.

ಬಂದವರಿಗೆಲ್ಲ ಇದೊಂದು ತಮಾಷೆ. ಗೇಟಿಗೆ ಸಸ್ಪೆನ್ಷನ್ ಮಾಡಿಸಿದ್ದೀಯಲ್ಲ, ಸ್ಕೂಟರಿಗೆ ಅಗುಳಿ ಹಾಕಿಸಿದ್ದೀಯಾ ಎಂದು ಕೇಳಿದವರಿದ್ದಾರೆ. ನಾನು ನಗುವುದಿಲ್ಲ. ಆ ಹಳೆಯ ಕಬ್ಬಿಣದ ತುಂಡನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳಿಬಿಡುತ್ತೇನೆ, ನೀವೂ ಸ್ವಲ್ಪ ಉರಿದುಕೊಳ್ಳಿ. ಇಷ್ಟು ದಿನ ಒಬ್ಬನೇ ಉರಿದದ್ದು ಸಾಕಾಗಿದೆ.

ನನ್ನದು ಗೇರಿಲ್ಲದ ಸಣ್ಣ ಸ್ಕೂಟರು. ಕೆಲಸ ಎಸ್ಟೇಟುಗಳಲ್ಲಿ ಮೋಟಾರು, ಪಂಪು, ಸ್ಪ್ರಿಂಕ್ಲರು ರಿಪೇರಿ ಮಾಡುವುದು. ಕಾಫಿ ಹೂವಾಗುವ ಕಾಲಕ್ಕೆ ಮಳೆ ಕೈಕೊಟ್ಟರೆ ಗಿಡದ ಮೇಲೆ ನೀರು ಹಾರಿಸಲೇಬೇಕು. ವರ್ಷವಿಡೀ ಸುಮ್ಮನೆ ಮಲಗಿದ್ದ ಮೋಟಾರು ಸರಿಯಾಗಿ ಆ ವಾರವೇ ಸುಟ್ಟುಹೋಗುತ್ತದೆ. ಆಗ ದೊಡ್ಡ ದೊಡ್ಡವರೆಲ್ಲ ನನ್ನ ಹೆಸರು ಹಿಡಿದು ಕರೆಯುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಪುಟ್ಟರಾಜು ಕಟ್ಟಿದ ಮೋಟಾರನ್ನು ಬಿಚ್ಚಿ ಮತ್ತೊಬ್ಬ ಕಟ್ಟಬೇಕಾಗಿ ಬಂದದ್ದಿಲ್ಲ, ಅಷ್ಟು ಸಾಕು.

ಇಂಥ ಕೆಲಸಕ್ಕೆ ಬೈಕು ತೆಗೆದುಕೋ, ಅದು ಹೆಣ್ಣುಮಕ್ಕಳ ಗಾಡಿ ಎಂದು ಎಲ್ಲರೂ ಬುದ್ಧಿ ಹೇಳಿದರು. ಬೈಕಿನಲ್ಲಿ ಪಂಪಿನ ಫುಟ್‌ವಾಲ್ವು ಎಲ್ಲಿಡುವುದು, ತಲೆಯ ಮೇಲಾ? ಸ್ಕೂಟರಿನಲ್ಲಿ ಕಾಲಿಡುವ ಜಾಗವಿದೆಯಲ್ಲ, ಅದು ನನ್ನ ಗೋಡೌನು. ಸ್ಟಾರ್ಟರು, ಪೈಪು, ಸ್ಪಾನರ್ ಚೀಲ, ಬರುವಾಗ ಹಿಂಡಿ ಮೂಟೆ, ಎಲ್ಲವೂ ಅಲ್ಲೇ ಕೂರುತ್ತವೆ. ನನ್ನ ಕಾಲಿಗೆ ಮಾತ್ರ ಜಾಗವಿರುವುದಿಲ್ಲ. ಕಪ್ಪೆಯ ಹಾಗೆ ಎರಡೂ ಕಡೆ ಚಾಚಿಕೊಂಡು ಹೋಗುತ್ತೇನೆ.

ಆದರೆ ಈ ಸ್ಕೂಟರು ಮಾಡಿದ ಮಹಾನುಭಾವರನ್ನು ಒಂದು ಮಾತು ಕೇಳಬೇಕು. ಹಿಂದಿನ ಚಕ್ರಕ್ಕೆ ಒಂದೇ ಒಂದು ಶಾಕಪ್ಸರ್ ಕೊಟ್ಟಿದ್ದಾರೆ, ಅದೂ ಎಡಗಡೆಗೆ. ಬಲಗಡೆ ಏನು ಪಾಪ ಮಾಡಿತ್ತು? ಚಕ್ರವಾದರೂ ಎಷ್ಟಿದೆ? ನಮ್ಮ ರಸ್ತೆಯ ಗುಂಡಿಗಳು ಅದಕ್ಕಿಂತ ದೊಡ್ಡವು. ಒಂದೊಂದು ಗುಂಡಿಯೊಳಗೆ ಇಳಿದರೆ ಸ್ಕೂಟರು ಮತ್ತೆ ಹತ್ತಿ ಬರುತ್ತದೋ, ಅಲ್ಲೇ ಸಂಸಾರ ಹೂಡುತ್ತದೋ ಎಂದು ಅನುಮಾನವಾಗುತ್ತದೆ. ಶೋರೂಮಿನ ಕನ್ನಡಿಯಂಥ ನೆಲದ ಮೇಲೆ ಇದನ್ನು ಓಡಿಸಿ ನೋಡಿ ಚೆನ್ನಾಗಿದೆ ಎಂದು ಸೀಲು ಹೊಡೆದವರನ್ನು ಒಂದು ದಿನ ನನ್ನ ಹಿಂದೆ ಕೂರಿಸಿಕೊಂಡು ಹೋಗಬೇಕೆಂದು ಆಸೆ ನನಗೆ.

ಇನ್ನು ರಸ್ತೆ. ಟಾರು ಹಾಕಿದ ತಿಂಗಳಿಗೆ ಅಗೆಯುತ್ತಾರೆ. ಅಗೆದವರು ಮುಚ್ಚುವುದಿಲ್ಲ, ಮುಚ್ಚಿದರೆ ಮಣ್ಣು ಗುಡ್ಡೆ ಮಾಡಿ ಹೋಗುತ್ತಾರೆ, ಲಾರಿ ಹತ್ತಿ ತಾನಾಗಿಯೇ ಕೂರುತ್ತದಂತೆ. ಲಾರಿ ಹತ್ತುವವರೆಗೆ ನಾವು ಹತ್ತಬೇಕು. ಹಂಪುಗಳದ್ದು ಮತ್ತೊಂದು ಕತೆ. ಊರಿಗೊಂದು ಇದ್ದದ್ದು ಈಗ ಮನೆಗೊಂದಾಗಿದೆ. ಅಂಗಡಿ ಇಟ್ಟವನು ತನ್ನ ಅಂಗಡಿ ಮುಂದೆ ಗಿರಾಕಿ ನಿಧಾನವಾಗಲಿ ಎಂದು ಒಂದು ಹಾಕಿಸುತ್ತಾನೆ. ಎದುರು ಮನೆಯವನು ತನಗೇನು ಕಡಿಮೆ ಎಂದು ಇನ್ನೊಂದು ಹಾಕಿಸುತ್ತಾನೆ. ಇವಕ್ಕೆ ಬಣ್ಣವಿಲ್ಲ, ಬೋರ್ಡಿಲ್ಲ, ಆಕಾರವಂತೂ ಇಲ್ಲವೇ ಇಲ್ಲ. ಕಾಂಕ್ರೀಟು ಉಳಿದದ್ದನ್ನು ಅಲ್ಲಿಯೇ ಸುರಿದು ಎದ್ದುಹೋದಂತಿರುತ್ತವೆ.

ಇಷ್ಟಕ್ಕೂ ನಾನು ಸಹಿಸಿಕೊಂಡೇ ಇದ್ದೆ. ನನ್ನ ಸೊಂಟ ಗಟ್ಟಿ. ಸಿಟ್ಟು ಬಂದದ್ದು ಹಿಂದಿನ ಸೀಟು ಖಾಲಿಯಾದ ಮೇಲೆ.

ನನ್ನ ಹೆಂಡತಿ ಸುಶೀಲ. ಅವಳ ಅಕ್ಕನನ್ನು ಆನೇಮಹಲಿಗೆ ಕೊಟ್ಟಿದ್ದಾರೆ. ಮದುವೆಯಾದಾಗಿನಿಂದ ಭಾನುವಾರ ಬಂದರೆ ನಾವಿಬ್ಬರೂ ಸಕಲೇಶಪುರ ದಾಟಿ ಅಲ್ಲಿಗೆ ಹೋಗಿ, ಉಂಡು, ಸಂಜೆಗೆ ಬರುವುದು ರೂಢಿ. ಅಕ್ಕನ ಮನೆಯ ಊಟಕ್ಕಾಗಿ ನಾನು ಹೋಗುತ್ತಿದ್ದೆ ಎಂದು ಜನ ತಿಳಿದಿದ್ದಾರೆ, ತಿಳಿಯಲಿ. ನಿಜ ಏನೆಂದರೆ ಸುಶೀಲ ನನ್ನ ಹತ್ತಿರ ಮಾತಾಡುವುದು ಸ್ಕೂಟರಿನ ಮೇಲೆ ಮಾತ್ರ. ಮನೆಯಲ್ಲಿ ನಾನು ಬರುವ ಹೊತ್ತಿಗೆ ಅವಳು ಹಾಲು ಕರೆಯುತ್ತಿರುತ್ತಾಳೆ. ಅವಳ ಕೆಲಸ ಮುಗಿಯುವ ಹೊತ್ತಿಗೆ ನಾನು ಯಾವುದೋ ಮೋಟಾರಿನ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತೇನೆ. ಎದುರುಬದುರು ಕೂತರೆ ಇಬ್ಬರಿಗೂ ಮಾತು ಹೊರಡುವುದಿಲ್ಲ. ಸ್ಕೂಟರಿನ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತು, ಸೆರಗು ಸಿಕ್ಕಿಸಿಕೊಂಡು, ಒಂದು ಕೈ ನನ್ನ ಹೆಗಲ ಮೇಲೆ ಇಟ್ಟಳೋ, ವಾರದ ಸುದ್ದಿ ಶುರುವಾಗುತ್ತಿತ್ತು. ಯಾರ ಮನೆಯಲ್ಲಿ ಯಾರು ಯಾರನ್ನು ಮಾತಾಡಿಸುತ್ತಿಲ್ಲ, ಯಾವ ಹಸು ಗಬ್ಬ ನಿಂತಿತು, ಅವಳಿಗೆ ಕನಸಿನಲ್ಲಿ ಏನು ಕಂಡಿತು, ಎಲ್ಲವೂ ನನ್ನ ಎಡಗಿವಿಗೆ ಬರುತ್ತಿತ್ತು. ಅರ್ಧ ಗಾಳಿ ಒಯ್ಯುತ್ತಿತ್ತು. ಉಳಿದರ್ಧಕ್ಕೆ ನಾನು ಹೂಂ ಅನ್ನುತ್ತಿದ್ದೆ. ನಮ್ಮ ಸಂಸಾರ ಇಷ್ಟು ವರ್ಷ ನಡೆದದ್ದು ಆ ಹೂಂ ಮೇಲೆಯೇ.

ಹೋದ ವರ್ಷ ಆನೇಮಹಲಿಗೆ ಸ್ವಲ್ಪ ಮೊದಲು, ರಸ್ತೆ ಕೆಲಸದವರು ಅಡ್ಡಕ್ಕೆ ಅಗೆದು ಬಿಟ್ಟುಹೋಗಿದ್ದ ಒಂದು ಕಾಲುವೆಗೆ ಸ್ಕೂಟರು ಇಳಿಯಿತು. ಅದು ಅಲ್ಲಿದೆ ಎಂದು ಹೇಳುವುದಕ್ಕೆ ಒಂದು ಕಲ್ಲಾದರೂ ಇಡಬೇಡವೇ? ಶಾಕಪ್ಸರ್ ಪೂರಾ ಕೆಳಗೆ ಕೂತು ಟಕ್ ಎಂದಿತು. ಸುಶೀಲ ಮಾತಿನ ಮಧ್ಯದಲ್ಲಿದ್ದವಳು ನಿಲ್ಲಿಸಿಬಿಟ್ಟಳು. ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ಮುಲಾಮು ಕೊಟ್ಟು, ಸ್ವಲ್ಪ ಕಾಲ ಟೂವೀಲರ್ ಬೇಡ ಎಂದರು. ನೋವು ಒಂದು ತಿಂಗಳಲ್ಲಿ ಹೋಯಿತು. ಆದರೆ ಅವಳು ಮತ್ತೆ ಸ್ಕೂಟರು ಹತ್ತಲಿಲ್ಲ. ಬಸ್ಸಿನಲ್ಲಿ ಬರ್ತೀನಿ, ನೀವು ಮುಂದೆ ಹೋಗಿ ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಮರ್ಯಾದೆ ಹೋಗುವುದು. ಒಂದೇ ಮನೆಯಿಂದ ಹೊರಟ ಗಂಡ ಹೆಂಡತಿ, ಒಂದೇ ಮನೆಗೆ ಹೋಗುವವರು, ಅವಳು ಬಸ್ಸಿನಲ್ಲಿ, ನಾನು ಬಸ್ಸಿನ ಹಿಂದೆ ಹೊಗೆ ಕುಡಿಯುತ್ತಾ ಸ್ಕೂಟರಿನಲ್ಲಿ. ದಾರಿಯಲ್ಲಿ ಸಿಕ್ಕವರೆಲ್ಲ ನಿಲ್ಲಿಸಿ, ಮನೇಲಿ ಏನಾದ್ರೂ ಜಗಳವಾ ಎಂದು ಬಹಳ ಕಾಳಜಿಯಿಂದ ಕೇಳುತ್ತಿದ್ದರು. ಬಸ್ಸಿನಲ್ಲಿ ಅವಳಿಗೆ ಒಬ್ಬರು ಜೊತೆಯೂ ಸಿಕ್ಕಿಬಿಟ್ಟರು. ಭಾನುವಾರ ಸಕಲೇಶಪುರದ ಚರ್ಚಿಗೆ ಹೋಗುವ ಫಿಲೋಮಿನಕ್ಕ, ನಮ್ಮ ಬೆಳಗೋಡಿನಲ್ಲಿ ಟೈಲರಿಂಗ್ ಮಾಡುವವರು. ಬಸ್‌ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಾ ನಿಂತಿದ್ದರೆ ಇಬ್ಬರೂ ನಗುನಗುತ್ತಾ ಇಳಿಯುವುದು ಕಾಣುತ್ತಿತ್ತು. ಇಳಿದು ನನ್ನನ್ನು ನೋಡಿದ ತಕ್ಷಣ ನಗು ಮುಗಿಯುತ್ತಿತ್ತು. ಏನು ವಿಷಯ ಎಂದರೆ ಏನಿಲ್ಲ ಎನ್ನುತ್ತಿದ್ದಳು. ಏನಿಲ್ಲದೆ ಹಾಗೆ ನಗುವವರನ್ನು ನಾನು ಎಲ್ಲೂ ಕಂಡಿಲ್ಲ.

ಆನೇಮಹಲಿನಲ್ಲಿ ಷಡ್ಡಕ ರುದ್ರಣ್ಣ ಕಾದಿರುತ್ತಿದ್ದ. ಅವನು ಹೊಸದಾಗಿ ಕಾರು ತೆಗೆದಿದ್ದ. ಕಾರು ತೆಗೆದವರಿಗೆ ಉಳಿದವರೆಲ್ಲ ಯಾಕೆ ತೆಗೆಯಲಿಲ್ಲ ಎಂಬ ಚಿಂತೆ ಹತ್ತುತ್ತದೆ.

"ಒಂದು ಸೆಕೆಂಡ್ ಹ್ಯಾಂಡ್ ಕಾರ್ ತಗಬುಡಯ್ಯ ಪುಟ್ರಾಜು. ಪಾಪ, ಆ ಹೆಣ್ಮಗಳನ್ನ ಬಸ್ಸಲ್ಲಿ ನೇತಾಕುಸ್ತೀಯಲ್ಲ," ಎಂದು ಎಲೆಯ ಮುಂದೆ ಕೂತಾಗಲೇ ಹೇಳಿದ.

ಕಾರಿನ ವಿಷಯ ನನಗೆ ಹೇಳುವುದು ಬೇಡ. ಶಾಲೆ ಬಿಟ್ಟು ಎಸ್ಟೇಟಿನ ಪಂಪ್‌ಹೌಸಿಗೆ ಸೇರಿದ ಹೊಸದರಲ್ಲಿ ಧಣಿಗಳ ಕಾರಿನಲ್ಲಿ ಹಾಸನಕ್ಕೆ ಮೋಟಾರಿಗೆ ಸುತ್ತುವ ವೈಂಡಿಂಗ್ ತಂತಿ ತರಲು ಹೋಗಿದ್ದೆ. ಅಲ್ಲಿಯವರೆಗೆ ನಾನು ಹೋಗಿದ್ದದ್ದೆಲ್ಲ ಜೀಪಿನ ಹಿಂದೆ ಜೋತುಬಿದ್ದು, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಲಾರಿಯಲ್ಲಿ ಗೊಬ್ಬರದ ಮೂಟೆಯ ಮೇಲೆ. ಆ ಕಾರು ಗುಂಡಿಗೆ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ತೆಪ್ಪದಲ್ಲಿ ಕೂತ ಹಾಗೆ ಮೇಲೆ ಕೆಳಗೆ ತೇಲುತ್ತಿತ್ತು. ಆಲೂರು ಬರುವ ಮೊದಲೇ ನಿಲ್ಲಿಸಿ ಎಂದು ಕೈಮುಗಿದೆ. ಧಣಿಗಳ ಹೆಂಡತಿ ನಿಂಬೆಹಣ್ಣು ಕೊಟ್ಟು ಮೂಸಲು ಹೇಳಿದರು. ಹಾಸನದಿಂದ ವಾಪಸು ತಂತಿಯ ಸುರುಳಿ ಕಾರಿನಲ್ಲಿ ಬಂತು, ನಾನು ಲಾರಿಯಲ್ಲಿ ಬಂದೆ. ಏನೂ ಆಗಲಿಲ್ಲ, ಚೆನ್ನಾಗಿ ನಿದ್ದೆ ಬಂತು.

ನಮ್ಮ ಕಡೆ ಗಟ್ಟಿ ಎನ್ನುವುದೇ ದೊಡ್ಡ ಹೊಗಳಿಕೆ. ಗಟ್ಟಿ ಆಳು, ಗಟ್ಟಿ ಊಟ, ಗಟ್ಟಿ ಗಾಡಿ. ಮೆತ್ತಗೆ ಇರಬೇಕಾದದ್ದು ಇಡ್ಲಿ ಮಾತ್ರ. ನಾನು ಹುಟ್ಟಿ ಬೆಳೆದ ಆಲೂರು ಸೀಮೆಯ ಮಗ್ಗೆಯಲ್ಲಿ ನಮ್ಮಪ್ಪನಿಗೆ ಎತ್ತಿನ ಗಾಡಿಯಿತ್ತು. ಮರದ ಚಕ್ರ, ಕಬ್ಬಿಣದ ಪಟ್ಟಿ. ಅದಕ್ಕೆ ಸ್ಪ್ರಿಂಗೂ ಇಲ್ಲ, ಸೀಟೂ ಇಲ್ಲ. ಅಮ್ಮ ತವರಿಗೆ ಹೊರಟರೆ ಅಪ್ಪ ಗಾಡಿಯ ತುಂಬ ಭತ್ತದ ಹುಲ್ಲು ತುಂಬುತ್ತಿದ್ದ, ಅಮ್ಮ ಅದರೊಳಗೆ ಮುಳುಗಿಹೋಗುವಷ್ಟು. ನಾನು ಪಕ್ಕದಲ್ಲಿ ಕೂತು ಹುಲ್ಲಿನ ಕಡ್ಡಿ ಜಗಿಯುತ್ತಿದ್ದೆ. ದಾರಿ ಕೊರಕಲಾಗಿದ್ದಲ್ಲಿ ಅಪ್ಪ ಕೆಳಗಿಳಿದು, ನೊಗ ಹಿಡಿದುಕೊಂಡು, ಒಂದೊಂದೇ ಚಕ್ರವನ್ನು ಮಗುವನ್ನು ಮಲಗಿಸುವ ಹಾಗೆ ಇಳಿಸುತ್ತಿದ್ದ. ಯಾಕೆ ಇಳೀತೀರ, ಕೂತ್ಕಳಿ ಎಂದು ಅಮ್ಮ ಹೇಳಿದರೆ, ಎತ್ತಿನ ಹೆಗಲು ನೋಯ್ತದೆ ಎನ್ನುತ್ತಿದ್ದ. ಅದೇ ದಾರಿಯಲ್ಲಿ ಅದೇ ಎತ್ತು ಭತ್ತದ ಮೂಟೆ ಎಳೆಯುವಾಗ ಅಪ್ಪ ಗಾಡಿಯ ಮುಂದಿನ ಮೂಕಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಆಗ ಎತ್ತಿನ ಹೆಗಲು ನೋಯುತ್ತಿರಲಿಲ್ಲವೋ ಏನೋ.

ಇರಲಿ. ರುದ್ರಣ್ಣನ ಮನೆಯಲ್ಲಿ ಎಲೆಯ ಮುಂದೆ ಕೂತಲ್ಲೇ ನಾನು ತೀರ್ಮಾನ ಮಾಡಿದೆ. ಕಾರು ಬೇಡ, ಬೇರೆ ಸ್ಕೂಟರೂ ಬೇಡ. ಇರುವ ಸ್ಕೂಟರಿಗೇ ಒಳ್ಳೆಯ ಶಾಕಪ್ಸರ್ ಹಾಕಿಸಿ, ಇವಳನ್ನು ಬಸ್ಸಿನಿಂದ ಇಳಿಸಿ ಹಿಂದೆ ಕೂರಿಸಿಕೊಂಡು, ಇವನ ಮನೆಯ ಮುಂದೆ ಬಂದು ಹಾರನ್ ಹೊಡೆಯುತ್ತೇನೆ.

ಸಕಲೇಶಪುರದಲ್ಲಿ ನನ್ನ ಸ್ಕೂಟರು ನೋಡುವವನು ಲಾರೆನ್ಸ್. ಅವನ ತಾತ ಮಂಗಳೂರಿನ ಕಡೆಯಿಂದ ಬಂದವರು. ತಾತನ ಭಾಷೆ ಮೊಮ್ಮಗನ ನಾಲಗೆಯಲ್ಲಿ ಇನ್ನೂ ಇದೆ. ಒಳ್ಳೆಯ ಕೆಲಸಗಾರ, ಆದರೆ ಬಾಯಿ ಜಾಸ್ತಿ. ಅವತ್ತು ಗ್ಯಾರೇಜಿನಲ್ಲಿ ನನಗಿಂತ ಮೊದಲು ಬಂದ ನಾಲ್ಕಾರು ಜನ ಕಾಯುತ್ತಿದ್ದರು. ಸಸ್ಪೆನ್ಷನ್ ಬದಲಾಯಿಸಬೇಕು, ಒಳ್ಳೆಯದು ಹಾಕು ಎಂದೆ.

"ಎಷ್ಟು ಮೂಟೆ?" ಎಂದ ಲಾರೆನ್ಸ್.

ಬೇರೆ ಊರಿನವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಗಾಡಿಯನ್ನು ಅಳೆಯುವುದೇ ಮೂಟೆಯಲ್ಲಿ. ಹಣ್ಣು ಕೊಯ್ಯುವ ಕಾಲದಲ್ಲಿ ಸ್ಕೂಟರಿನ ಮುಂದೊಂದು ಹಿಂದೊಂದು ಕಾಫಿ ಮೂಟೆ, ಮಳೆಗಾಲಕ್ಕೆ ಮೊದಲು ಗೊಬ್ಬರದ ಮೂಟೆ, ವರ್ಷವಿಡೀ ಹಿಂಡಿ ಮೂಟೆ. ಯಾರು ಕೂರುತ್ತಾರೆ ಎಂದು ಯಾವ ಮೆಕ್ಯಾನಿಕ್ಕೂ ಕೇಳುವುದಿಲ್ಲ, ಯಾವ ಗಂಡಸೂ ಹೇಳುವುದಿಲ್ಲ. ನೀವೇ ಯೋಚಿಸಿ, ಹೆಂಡತಿಯ ಸೊಂಟಕ್ಕೆ ನೋವಾಗುತ್ತದೆ, ಸ್ವಲ್ಪ ಮೆತ್ತಗೆ ಮಾಡಿಕೊಡಪ್ಪ ಎಂದು ಅಷ್ಟು ಜನರ ಎದುರಿಗೆ ಹೇಗೆ ಹೇಳುವುದು? ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸುಶೀಲ ಹೆಚ್ಚೂಕಡಿಮೆ ಒಂದು ಕಾಫಿ ಮೂಟೆಯಷ್ಟು ತೂಗಬಹುದು.

"ಒಂದು ಮೂಟೆ," ಎಂದೆ.

ಲಾರೆನ್ಸ್ ಕೆಂಪು ಬಣ್ಣದ ಸ್ಪ್ರಿಂಗಿರುವ, ಒಳಗೆ ಗ್ಯಾಸ್ ತುಂಬಿದ ಹೊಸ ಶಾಕಪ್ಸರ್ ತೆಗೆದು ಹಾಕಿದ. ಕೆಳಗೆ ಒಂದು ಬಳೆಯಿರುತ್ತದೆ. ಅದನ್ನು ತಿರುಗಿಸಿದಷ್ಟೂ ಸ್ಪ್ರಿಂಗು ಬಿಗಿಯಾಗುತ್ತದೆ. ಅವನು ಅದನ್ನು ಕೊನೆಯವರೆಗೆ ತಿರುಗಿಸಿ ಕೈ ಒರೆಸಿಕೊಂಡ. ನನಗೆ ಬಹಳ ತೃಪ್ತಿಯಾಯಿತು. ಹಳೆಯದನ್ನು ಗೇಟಿಗಾದರೂ ಆದೀತು ಎಂದು ಚೀಲಕ್ಕೆ ಹಾಕಿಕೊಂಡು, ದಾರಿಯಲ್ಲಿ ಬಂಕಿನಲ್ಲಿ ಎರಡೂ ಚಕ್ರಕ್ಕೆ ಗಾಳಿಯನ್ನೂ ಗಟ್ಟಿಯಾಗಿ ಹೊಡೆಸಿಕೊಂಡು ಮನೆಗೆ ಬಂದೆ.

ಭಾನುವಾರ ಸ್ಕೂಟರನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿ, ಆ ಕೆಂಪು ಸ್ಪ್ರಿಂಗು ಕಾಣುವ ಹಾಗೆ ತಿರುಗಿಸಿಟ್ಟೆ. ಹತ್ತಿ ಕೂತ್ಕ, ಹಾಸಿಗೆ ಇದ್ದಂಗೈತೆ ಎಂದು ಸುಶೀಲಳನ್ನು ಕರೆದೆ. ಅವಳು ಸ್ಪ್ರಿಂಗನ್ನು ನೋಡಿದಳು, ನನ್ನ ಮುಖ ನೋಡಿದಳು, ಹತ್ತಿ ಕೂತಳು. ಹೆಗಲ ಮೇಲೆ ಕೈ ಬಂತು. ನಾನು ರಾಜನ ಹಾಗೆ ಹೊರಟೆ.

ಊರ ಬಾಗಿಲಿನ ಮೊದಲ ಹಂಪಿನಲ್ಲಿ ಹೆಗಲ ಮೇಲಿನ ಕೈ ಇಲ್ಲವಾಯಿತು. ಸುಶೀಲ ಸೀಟಿನಿಂದ ಮೇಲೆದ್ದು ಮತ್ತೆ ಸೀಟಿನ ಮೇಲೆಯೇ ಬಿದ್ದದ್ದು ದೇವರ ದಯೆ. ಸಕಲೇಶಪುರದವರೆಗೆ ಅವಳು ಎರಡೂ ಕೈಯಲ್ಲಿ ಹಿಂದಿನ ಕಂಬಿ ಹಿಡಿದುಕೊಂಡು ಹಲ್ಲು ಕಚ್ಚಿ ಕೂತಿದ್ದಳು. ವಾರದ ಸುದ್ದಿ ಒಂದೂ ಬರಲಿಲ್ಲ. ನಾನು ಒಂದೊಂದು ಹಂಪಿನ ಹತ್ತಿರವೂ ಅದನ್ನು ಹಾಕಿದವನ ವಂಶವನ್ನೆಲ್ಲ ಬೈಯುತ್ತಾ ಹೋದೆ. ಬಸ್‌ಸ್ಟ್ಯಾಂಡಿನ ಎದುರು ಬೆನ್ನಿಗೆ ಒಂದು ಬೆರಳು ಕುಕ್ಕಿತು. ನಿಲ್ಲಿಸಿದೆ. ಇಳಿದಳು.

"ಮೂಟೆ ಆದ್ರೆ ಹಗ್ಗ ಬಿಗ್ದು ಕಟ್ಬೋದು. ನನ್ನ ಏನ್ ಮಾಡ್ತೀರ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಆನೇಮಹಲಿನ ಬಸ್ಸು ಹತ್ತಿದಳು.

ಗ್ಯಾರೇಜಿನಲ್ಲಿ ನಾನು ಹೇಳಿದ್ದನ್ನು ಇವಳಿಗೆ ಯಾರು ಹೇಳಿದರು ಎಂದು ಯೋಚಿಸುತ್ತಾ ಆ ಬಸ್ಸಿನ ಹಿಂದೆಯೇ ಹೋದೆ. ಯಾರೂ ಹೇಳಿರಲಿಲ್ಲ. ಸೀಟು ಎತ್ತಿ ಒಗೆದ ರೀತಿಗೇ ಅವಳಿಗೆ ಗೊತ್ತಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಲಾರೆನ್ಸನ ಗ್ಯಾರೇಜಿನ ಮುಂದೆ ನಿಂತಿದ್ದೆ. ಜನ ಬರುವ ಮೊದಲೇ ಬೈದು ಮುಗಿಸಬೇಕೆಂದು ನನ್ನ ಲೆಕ್ಕ. ಆದರೆ ಸಿಟ್ಟು ಅಷ್ಟು ಬೇಗ ಮುಗಿಯುವಷ್ಟಿರಲಿಲ್ಲ, ಆಮೇಲೆ ಜನವೂ ಬಂದರು. ಇದೇನು ಶಾಕಪ್ಸರಾ, ಹಾರೆಕೋಲಾ? ಒಂದು ಮೂಟೆ ಎಂದು ಕನ್ನಡದಲ್ಲಿ ಹೇಳಿದ್ದೇನೆ, ಹೀಗೆ ಎತ್ತಿ ಒಗೆಯುತ್ತದಲ್ಲ ಎಂದು ಕೂಗಾಡಿದೆ. ಲಾರೆನ್ಸ್ ಟೀ ಕುಡಿಯುತ್ತಾ ಪೂರ್ತಿ ಕೇಳಿಸಿಕೊಂಡ. ಇಲ್ಲಿ ಒಂದು ಮೂಟೆ ಎಂದವರೆಲ್ಲ ಎರಡು ಹೇರುತ್ತಾರೆ, ಆಮೇಲೆ ಸ್ಪ್ರಿಂಗು ಕೂತುಹೋಯಿತು ಎಂದು ಬಂದು ತನಗೇ ಬೈಯುತ್ತಾರೆ. ಆದ್ದರಿಂದ ಯಾರು ಒಂದು ಎಂದರೂ ತಾನು ಎರಡಕ್ಕೆ ಬಿಗಿಯುವುದು ರೂಢಿ ಎಂದ. ಮೂಟೆ ಹಾರಿದರೆ ಇಷ್ಟು ಸಿಟ್ಟು ಯಾರಿಗೂ ಬರುವುದಿಲ್ಲವಲ್ಲ, ನಿಜವಾಗಿ ಹಾರಿದ್ದು ಏನು ಎಂದು ಕೇಳಿದ.

ನಾನು ಹೇಳಿದೆ. ಹೇಳಲೇಬೇಕಾಯಿತು.

"ಹೆಂಡ್ತಿ ಅಂತ ಹೇಳ್ಳಿಕ್ಕೆ ನಿಂಗೆ ಎಂತ ಮಾರಾಯ? ನೀನು ಮೂಟೆ ಅಂದಿ, ನಾನು ಮೂಟೆಗೆ ಹಾಕಿದೆ. ಮೂಟೆಗೆ ಸೊಂಟ ಉಂಟಾ?"

ಕಾಯುತ್ತಿದ್ದವರೆಲ್ಲ ನಕ್ಕರು. ತನ್ನ ಮನೆಯವಳನ್ನು ಎಷ್ಟು ಮೂಟೆ ಎಂದು ಬರೆಸಬೇಕು ಎಂದು ಒಬ್ಬ ಬಹಳ ಗಂಭೀರವಾಗಿ ವಿಚಾರಿಸಿದ. ಅವರ ಮನೆಗಳಲ್ಲೂ ಇದೇ ಕತೆ ಇರುತ್ತದೆ, ಬೇಕಾದರೆ ಬರೆದುಕೊಡುತ್ತೇನೆ. ಒಬ್ಬನಾದರೂ ಹೆಂಡತಿಗೆ ಎಂದು ಶಾಕಪ್ಸರ್ ಹಾಕಿಸಿದವನನ್ನು ತೋರಿಸಲಿ. ಲಾರೆನ್ಸ್ ಮಾತ್ರ ನಗು ಮುಗಿಸಿ, ನಿನ್ನ ಮನೆಯವರನ್ನೇ ಕರೆದುಕೊಂಡು ಬಾ, ಕೂತು ತೋರಿಸದೆ ಆಗುವ ಕೆಲಸ ಇದಲ್ಲ ಎಂದ.

ಹೆಂಡತಿಯನ್ನು ಗ್ಯಾರೇಜಿಗೆ! ನಾಲ್ಕು ದಿನ ನಾನು ಈ ವಿಷಯ ಎತ್ತಲಿಲ್ಲ. ಐದನೆಯ ದಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಹಾಲು ಕರೆಯುತ್ತಿದ್ದವಳ ಬೆನ್ನಿಗೆ ಹೇಳಿದೆ. ಎದುರಿಗೆ ಹೇಳುವುದು ಕಷ್ಟವಾಗಿತ್ತು.

"ನನ್ನ ತೂಕ ಹಾಕ್ಸಕಾ?" ಎಂದಳು, ತಿರುಗದೆ.

"ತೂಕ ಅಲ್ಲ. ನಿಂಗೆ ಎಲ್ಲಿ ನೋಯ್ತದೆ ಅಂತ ಅವ್ನಿಗೆ ಗೊತ್ತಾಗ್ಬೇಕಂತೆ."

ಹಾಲಿನ ಪಾತ್ರೆ ಎತ್ತಿಕೊಂಡು ಎದ್ದಳು. ಸಂತೆಯ ದಿನ ಬರುತ್ತೇನೆ ಎಂದಳು. ಬಂದಳು, ಬಸ್ಸಿನಲ್ಲಿ.

ಲಾರೆನ್ಸ್ ಅಂದು ಬಹಳ ಮರ್ಯಾದಸ್ಥನಾಗಿಬಿಟ್ಟಿದ್ದ. ಕುರ್ಚಿ ಒರೆಸಿ ಹಾಕಿದ. ನನ್ನನ್ನು ಸ್ಕೂಟರಿನ ಮೇಲೆ ಕೂರಿಸಿ, ಸ್ಪ್ರಿಂಗಿನ ಪಕ್ಕ ಒಂದು ಕೋಲು ಹಿಡಿದು ಗುರುತು ಮಾಡಿದ. ಆಮೇಲೆ ಸುಶೀಲಳನ್ನು ಅವಳು ಯಾವಾಗಲೂ ಕೂರುವ ಹಾಗೆ ಕೂರಲು ಹೇಳಿ ಇನ್ನೊಂದು ಗುರುತು ಮಾಡಿದ. ಎರಡೂ ಗುರುತು ಒಂದರ ಮೇಲೊಂದಿದ್ದವು. ಅಂದರೆ ಅವಳು ಕೂತದ್ದು ಆ ಸ್ಪ್ರಿಂಗಿಗೆ ಗೊತ್ತೇ ಆಗಿರಲಿಲ್ಲ. ನಂತರ ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ನನ್ನ ಕಡೆಗೊಮ್ಮೆ ನೋಡಿ, ಒಂದಷ್ಟು ಗಾಳಿ ಹೊರಗೆ ಬಿಟ್ಟ.

"ಎಲ್ಲಿ ಹೊಡೀತದೆ ಅಕ್ಕ?" ಎಂದು ಕೇಳಿದ.

ಈ ಪ್ರಶ್ನೆಯನ್ನು ನಾನು ಕೇಳಬಹುದಿತ್ತು ಎಂದು ನೀವು ಹೇಳುತ್ತೀರಿ. ಹೇಳಿ, ಕೇಳಿಸಿಕೊಳ್ಳುತ್ತೇನೆ. ಸುಶೀಲ ಸೊಂಟದ ಎಡಗಡೆ ಕೈಯಿಟ್ಟು ತೋರಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ಆದ್ರೆ ಸ್ಪ್ರಿಂಗ್ ಒಂದ್ರುದ್ದೇ ತಪ್ಪಲ್ಲ ಕಣಣ್ಣ," ಎಂದಳು. "ಇವ್ರು ಹಂಪ್ ಕಂಡ ತಕ್ಷಣ ಬೈಯಕ್ಕೆ ಶುರು ಮಾಡ್ತಾರೆ. ಬೈಯೋ ಭರದಲ್ಲಿ ಗಾಡಿ ನಿಧಾನ ಮಾಡೋದೇ ಮರ್ತ್‌ಬುಡ್ತಾರೆ. ಗುಂಡಿ ಮಾಡ್ದೋನ್ ಮೇಲಿನ ಸಿಟ್ಟಿಗೆ ಗುಂಡಿಗೇ ಇಳೀತದೆ ಗಾಡಿ."

ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಕೂತು ಇದನ್ನೇ ನೋಡುತ್ತಿದ್ದಳೇ ಇವಳು? ನನ್ನ ಸಿಟ್ಟು ನ್ಯಾಯವಾದದ್ದು, ಇವತ್ತಿಗೂ ಹೇಳುತ್ತೇನೆ. ಗುಂಡಿ ಮಾಡಿದವನು ಗುಂಡಿ ಮಾಡಿದವನೇ. ಲಾರೆನ್ಸ್ ಬಗ್ಗಿ ಕೂತು ಕೆಂಪು ಸ್ಪ್ರಿಂಗನ್ನು ಬಿಚ್ಚತೊಡಗಿದ್ದ. ಅವನ ಹೆಗಲು ಕುಲುಕುತ್ತಿದ್ದುದನ್ನು ನಾನು ನೋಡದವನಂತೆ ಇದ್ದೆ.

ಕಪ್ಪಗಿನ, ಸ್ವಲ್ಪ ತೆಳ್ಳಗಿನ ಸ್ಪ್ರಿಂಗು ಬಂತು. ಬಳೆ ಸಡಿಲವಾಯಿತು. ಸುಶೀಲಳನ್ನು ಮತ್ತೆ ಕೂರಿಸಿದಾಗ ಸ್ಕೂಟರು ಮೆಲ್ಲಗೆ ಒಂದಷ್ಟು ಕೆಳಗಿಳಿದು ನಿಂತಿತು, ಬಂದವರಿಗೆ ಜಾಗ ಮಾಡಿಕೊಡುವವರ ಹಾಗೆ.

"ಬಸ್ಸಲ್ಲಿ ಹೋಗ್ತೀಯಾ?" ಎಂದು ಕೇಳಿದೆ. ಕೇಳುವಾಗ ಬಸ್‌ಸ್ಟ್ಯಾಂಡಿನ ಕಡೆಗೆ ನೋಡುತ್ತಿದ್ದೆ. ಅವಳು ಸಂತೆ ಚೀಲವನ್ನು ಮುಂದೆ ನನ್ನ ಕಾಲ ಹತ್ತಿರ ಇಟ್ಟು, ಹಿಂದೆ ಕೂತಳು.

ಊರು ದಾಟುವವರೆಗೆ ನಾನು ಬಾಯಿ ಬಿಡಲಿಲ್ಲ. ಮೊದಲ ಹಂಪು ಬಂತು. ಬಾಯಿಗೆ ಬಂದದ್ದನ್ನು ನುಂಗಿ, ನಿಧಾನ ಮಾಡಿದೆ. ಸ್ಕೂಟರು ಹತ್ತಿ ಇಳಿಯಿತು. ಹೆಗಲ ಮೇಲಿನ ಕೈ ಅಲ್ಲೇ ಇತ್ತು. ಎರಡನೆಯದು, ಮೂರನೆಯದು, ಯಾವನೋ ಅಗೆದು ಬಿಟ್ಟ ಮಣ್ಣಿನ ಗುಡ್ಡೆ, ಎಲ್ಲವೂ ಹೋದವು. ಇನ್ನು ಸುದ್ದಿ ಶುರುವಾಗುತ್ತದೆ ಎಂದು ಎಡಗಿವಿ ಕೊಟ್ಟುಕೊಂಡು ಕಾದೆ. ಗಾಳಿ ಅಡ್ಡ ಬರದಿರಲಿ ಎಂದು ಇನ್ನಷ್ಟು ನಿಧಾನ ಮಾಡಿದೆ. ಸೈಕಲ್ಲಿನವನೊಬ್ಬ ದಾಟಿ ಹೋದ. ಸುದ್ದಿ ಬರಲಿಲ್ಲ.

"ಏನಾರ ಹೇಳೇ," ಎಂದೆ ಕೊನೆಗೆ.

"ಏನ್ ಹೇಳ್ಲಿ? ಇದ್ದಿದ್ದೆಲ್ಲ ಬಸ್ಸಲ್ಲಿ ಫಿಲೋಮಿನಕ್ಕಂಗೆ ಹೇಳಾಯ್ತು."

ನೋಡಿ, ಮತ್ತೆ ಸಿಟ್ಟು ನೆತ್ತಿಗೇರಿತು. ಒಂದು ವರ್ಷದ ಸುದ್ದಿ, ನನಗೆ ಬರಬೇಕಾದದ್ದು, ಯಾರೋ ಟೈಲರಕ್ಕನ ಪಾಲಾಗಿತ್ತು. ಆ ಹೆಂಗಸು ಅದಕ್ಕೆ ಹೂಂ ಎಂದಿದ್ದರೋ ಇಲ್ಲವೋ. ಅದನ್ನೇ ನನಗೂ ಹೇಳು ಎಂದರೆ, ಹಳೆಯದಾಯಿತು, ದಿನಾ ಊರು ಸುತ್ತುವವರು ನೀವು, ನೀವೇ ಏನಾದರೂ ಹೇಳಿ ಎಂದಳು. ಸರಿ, ನನಗೇನು ಹೇಳಲು ಬರುವುದಿಲ್ಲವೇ ಎಂದು ಆ ಕಾಲುವೆ ಅಗೆದವರಿಂದ ಶುರು ಮಾಡಿದೆ.

"ರೋಡಿನ ವಿಷ್ಯ ಬ್ಯಾಡ," ಎಂದಳು.

ರಸ್ತೆ ಬಿಟ್ಟರೆ ನನ್ನ ಹತ್ತಿರ ಏನಿದೆ? ಬಹಳ ದೂರ ಯೋಚಿಸಿದೆ. ಆಮೇಲೆ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯ ನೆನಪಾಯಿತು. ಹತ್ತು ದಿನದ ಹಿಂದೆ ಗುಡ್ಡದ ಮೇಲಿನ ಒಂದು ಎಸ್ಟೇಟಿನ ಪಂಪ್‌ಹೌಸಿನಲ್ಲಿ ಮೋಟಾರಿನ ಹಳೆಯ ಸ್ಟಾರ್ಟರ್ ಪೆಟ್ಟಿಗೆ ಕಿತ್ತು ಹೊಸದು ಹಾಕಲು ಹೋಗಿದ್ದೆ. ಹಳೆಯದರ ಮುಚ್ಚಳ ತೆಗೆದರೆ ಒಳಗೆ ಮಡಿವಾಳ ಹಕ್ಕಿಯ ಗೂಡು, ಗೂಡಿನಲ್ಲಿ ಮೊಟ್ಟೆ. ನಾನು ಮುಚ್ಚಳವನ್ನು ಇದ್ದ ಹಾಗೆಯೇ ಓರೆಯಾಗಿ ಮುಚ್ಚಿ, ಹೊಸ ಪೆಟ್ಟಿಗೆಯನ್ನು ಎದುರಿನ ಗೋಡೆಗೆ ಕೂರಿಸಿದೆ. ಹಳೆಯದನ್ನು ಯಾಕೆ ತೆಗೆಯಲಿಲ್ಲ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೇಳಿದರು. ಅದರಲ್ಲಿ ಇನ್ನೂ ಕರೆಂಟು ಇದೆ, ಯಾರೂ ಮುಟ್ಟಬೇಡಿ, ಹೊಡೆಯುತ್ತದೆ ಎಂದು ಹೆದರಿಸಿ ಬಂದೆ.

ಇದನ್ನು ಹೇಳಿ ಮುಗಿಸುವ ಹೊತ್ತಿಗೆ ನನಗೇ ಒಂಥರಾ ಆಗಿತ್ತು. ನಗುತ್ತಿದ್ದಾಳೇನೋ ಎಂದುಕೊಂಡೆ.

"ಮರಿ ಆಗಿರ್ಬೋದಾ?" ಎಂದಳು.

"ಇಷ್ಟೊತ್ಗೆ ಆಗಿರ್ತವೆ. ನಾಳೆ ಆ ಕಡೆ ಕೆಲ್ಸ ಐತೆ, ನೋಡ್ಕಂಡ್ ಬತ್ತೀನಿ."

"ನಾನೂ ಬತ್ತೀನಿ." ಆಮೇಲೆ ಕೇಳಿದಳು, "ಅಲ್ಲಿಗೆ ರೋಡ್ ಹೆಂಗೈತೆ?"

ಇಡೀ ತಾಲ್ಲೂಕಿನಲ್ಲಿ ಅದಕ್ಕಿಂತ ದರಿದ್ರವಾದ ರಸ್ತೆ ಇನ್ನೊಂದಿಲ್ಲ. ಅದಕ್ಕೆ ಹಾಕಿದ ಜಲ್ಲಿಯನ್ನು ಮಳೆ ಕೊಚ್ಚಿಕೊಂಡು ಹೋಗಿ, ಕೆಳಗಿನ ಬಂಡೆಗಳು ಹಲ್ಲು ಕಿರಿದುಕೊಂಡು ನಿಂತಿವೆ. ಅದನ್ನು ಮಾಡಿದವರ ಬಗ್ಗೆ ನಾನು ಒಂದು ದಿನವಿಡೀ ಮಾತಾಡಬಲ್ಲೆ.

"ಚೆನ್ನಾಗೈತೆ ಕಣೇ," ಎಂದೆ.